ಜಠರ ತೆಗೆದ ಮೇಲೆ ಊಟ, ಕಷಾಯ: ಆಹಾರ ತಜ್ಞೆಯಾಗಿ ನನ್ನ ಅನುಭವ

ಜಠರದ ಕ್ಯಾನ್ಸರಿಗೆ ಆಪರೇಷನ್ ಆದವರಿಗೆ ಊಟದ ಚೀಟಿ ಬರೆಯುವ ಮುಂಚೆ ನಾನು ನೋಡುವುದು ಜಠರ ಎಷ್ಟು ಉಳಿದಿದೆ ಎಂದು. ಪೂರ್ತಿ ತೆಗೆದಿದ್ದರೆ ಅನ್ನನಾಳವನ್ನು ಸಣ್ಣ ಕರುಳಿಗೇ ಜೋಡಿಸಿರುತ್ತಾರೆ. ತಿಂದದ್ದು ತಂಗಲು ಜಾಗವೇ ಇರುವುದಿಲ್ಲ. ಕೆಳಭಾಗ ಮಾತ್ರ ತೆಗೆದಿದ್ದರೆ ಚಿಕ್ಕ ಚೀಲ ಉಳಿದಿರುತ್ತದೆ, ಆದರೆ ಆಹಾರವನ್ನು ತಡೆದು ಸ್ವಲ್ಪಸ್ವಲ್ಪವೇ ಬಿಡುತ್ತಿದ್ದ ಕವಾಟ ಹೋಗಿರುತ್ತದೆ. ಎರಡರಲ್ಲೂ ಮೊದಲ ವಾರಗಳಲ್ಲಿ ಒಂದು ಸಲಕ್ಕೆ ಒಂದು ಸಣ್ಣ ಬಟ್ಟಲಿನಷ್ಟು ಹಿಡಿದರೆ ಹೆಚ್ಚು. ಆದ್ದರಿಂದ ಏನು ಕೊಡಬಹುದು, ಯಾವ ಕಷಾಯ ಆಗುತ್ತದೆ ಎಂಬುದೆಲ್ಲ ಕೊನೆಗೆ ಜಾಗದ ಲೆಕ್ಕ. ಬೆಳಿಗ್ಗೆ ಒಂದು ಲೋಟ ಕಷಾಯ ಕುಡಿಸಿದರೆ ಆ ಹೊತ್ತಿನ ಆಹಾರ ತಪ್ಪಿತು ಎಂದೇ ನಾನು ಎಣಿಸುತ್ತೇನೆ.

ಹೊಟ್ಟೆಗೆ ಹೋಗಬೇಕಾದದ್ದು ಮಾತ್ರ ಕಡಿಮೆಯಾಗುವುದಿಲ್ಲ. ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 25ರಿಂದ 30 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕೆ.ಜಿ. ತೂಕದವರಿಗೆ ಕನಿಷ್ಠ 60 ಗ್ರಾಂ ಪ್ರೋಟೀನ್ ಆಯಿತು. ಎರಡು ಮೊಟ್ಟೆಯಲ್ಲಿ 12, ನೂರು ಗ್ರಾಂ ಮೀನಿನಲ್ಲಿ 20, ಐವತ್ತು ಗ್ರಾಂ ಹೆಸರುಬೇಳೆಯಲ್ಲಿ 12, ಮುನ್ನೂರು ಗ್ರಾಂ ಮೊಸರಿನಲ್ಲಿ 9, ಐವತ್ತು ಗ್ರಾಂ ಪನೀರಿನಲ್ಲಿ 9 ಗ್ರಾಂ ಸಿಗುತ್ತದೆ. ಇಷ್ಟನ್ನು ದಿನಕ್ಕೆ ಆರರಿಂದ ಎಂಟು ಸಲ ಹಂಚಿದರೆ ಗುರಿ ಮುಟ್ಟಬಹುದು. ಸಸ್ಯಾಹಾರಿಗಳಿಗೆ ಮೊಟ್ಟೆ, ಮೀನಿನ ಬದಲು ಪನೀರನ್ನು ದುಪ್ಪಟ್ಟು ಮಾಡಿ, ಶೇಂಗಾ ಪುಡಿ ಮತ್ತು ಚೆನ್ನಾಗಿ ಬೇಯಿಸಿ ರುಬ್ಬಿದ ಸೋಯಾ ಸೇರಿಸುತ್ತೇನೆ. ಮನೆಯವರು ಪ್ರೀತಿಯಿಂದ ಕೊಡುವ ತಿಳಿಗಂಜಿ, ಬೇಳೆಕಟ್ಟು, ತಿಳಿಸಾರು ಹೊಟ್ಟೆ ತುಂಬಿಸುತ್ತವೆ, ಮೈಗೆ ಹತ್ತುವುದಿಲ್ಲ. ಬೇಳೆಯ ಸಾರ ಕಟ್ಟಿನಲ್ಲಿಲ್ಲ, ಕೆಳಗೆ ಕೂತ ಬೇಳೆಯಲ್ಲಿದೆ. ಅದನ್ನೇ ಮಸೆದು ತೊವ್ವೆ ಮಾಡಿ ಕೊಡಿ.

ಮೆತ್ತನೆಯ ಊಟಕ್ಕೆ ಅನುಮತಿ ಸಿಕ್ಕ ಮೇಲೆ ನನ್ನ ಮೊದಲ ಆಯ್ಕೆ ರಾಗಿ ಸರಿ. ಮಾಡುವ ಕ್ರಮ ಮುಖ್ಯ. ಮಾಮೂಲಿ ರಾಗಿ ಹಿಟ್ಟು 40 ಗ್ರಾಂ ತೆಗೆದುಕೊಂಡು 200 ಮಿ.ಲೀ. ನೀರಿನಲ್ಲಿ ಬೇಯಿಸಿದರೆ ಮುದ್ದೆಯ ಹದಕ್ಕೆ ಬರುತ್ತದೆ, ಇವರಿಗೆ ನುಂಗಲಾಗುವುದಿಲ್ಲ. ನೀರು ಹೆಚ್ಚಿಸಿದರೆ ಅಳತೆ ಹೆಚ್ಚುತ್ತದೆ, ಸತ್ವ ಹೆಚ್ಚುವುದಿಲ್ಲ. ಅದಕ್ಕೇ ಒಲೆಯಿಂದ ಇಳಿಸಿ, ಕುದಿ ನಿಂತು, ಬಾಯಿ ಸುಡುವಷ್ಟು ಬಿಸಿ ಉಳಿದಿರುವಾಗ ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಒಂದು ಟೀ ಚಮಚ ಹಾಕಿ ತಿರುವಬೇಕು. ಐದು–ಹತ್ತು ನಿಮಿಷದಲ್ಲಿ ಚಮಚಕ್ಕೆ ಅಂಟಿಕೊಂಡಿದ್ದದ್ದು ಜಾರಿ ಬೀಳುವಷ್ಟು ತೆಳುವಾಗುತ್ತದೆ. ಮೊಳಕೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸುವುದೇ ಕಾರಣ. ಕುದಿಯುವ ಸರಿಗೆ ಹಾಕಿದರೆ, ಅಥವಾ ಹಿಟ್ಟು ಮಾಡುವಾಗ ಮೊಳಕೆ ರಾಗಿಯನ್ನು ಘಮ್ಮೆನ್ನುವಂತೆ ಹುರಿದಿದ್ದರೆ ಅಮೈಲೇಸ್ ಸತ್ತುಹೋಗಿರುತ್ತದೆ, ಸರಿ ತೆಳುವಾಗುವುದಿಲ್ಲ. ತೆಳುವಾದ ಮೇಲೆ ಎರಡು ನಿಮಿಷ ಮತ್ತೆ ಕುದಿಸಿ ಬಟ್ಟೆಯಲ್ಲಿ ಸೋಸಿ, ಉಪ್ಪು, ಒಂದು ಚಮಚ ತುಪ್ಪ, ಎರಡು ಚಮಚ ನುಣ್ಣನೆಯ ಶೇಂಗಾ ಪುಡಿ ಬೆರೆಸಿ. ಬೆಲ್ಲ ಬೇಡ. ಚಮಚದಲ್ಲೇ, ಹದಿನೈದು ನಿಮಿಷಕ್ಕೆ 50 ಮಿ.ಲೀ.ಯಂತೆ ಕೊಡಿ, ಲೋಟ ಎತ್ತಿ ಕುಡಿಯುವಂತಿಲ್ಲ.

ಬೇಗ ಕುಡಿದರೆ, ಸಿಹಿ ತಿಂದರೆ ಆಗುವುದನ್ನು ಡಂಪಿಂಗ್ ಎನ್ನುತ್ತೇವೆ. ಸಕ್ಕರೆ ತುಂಬಿದ ದ್ರವ ಒಮ್ಮೆಲೇ ಕರುಳಿಗೆ ಇಳಿದು ರಕ್ತದಿಂದ ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ಹೊಟ್ಟೆ ನುಲಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆವರು, ಭೇದಿ. ಇನ್ನು ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ನಡುಕ, ತಲೆ ಸುತ್ತು ಬರುತ್ತದೆ. ಇನ್ಸುಲಿನ್ ಜಾಸ್ತಿ ಸುರಿದು ಸಕ್ಕರೆ ಕುಸಿದಿರುತ್ತದೆ. ನೋಡಲು ಬಂದವರು ತರುವ ಗ್ಲೂಕೋಸ್ ಪುಡಿ, ಹಣ್ಣಿನ ಜ್ಯೂಸ್, ಮಾಲ್ಟ್ ಪಾನೀಯ, ಪಾಯಸ ಇವರಿಗಲ್ಲ. ಎಳನೀರೂ ಗುಟುಕು ಗುಟುಕಾಗಿ ಮಾತ್ರ. ನೀರು ಊಟಕ್ಕೆ ಅರ್ಧ ಗಂಟೆ ಮೊದಲು ಇಲ್ಲವೇ ಅರ್ಧ ಗಂಟೆ ನಂತರ. ಊಟದ ಜೊತೆ ಬೇಡ. ಹಾಲು ಕುಡಿದು ಹೊಟ್ಟೆ ಉಬ್ಬರಿಸಿದರೆ ಮೊಸರಿಗೆ ಬದಲಾಯಿಸಿ.

ಇನ್ನು ಗಿಡಮೂಲಿಕೆ. ಅಡುಗೆಯ ಜೀರಿಗೆ, ಶುಂಠಿ, ಇಂಗು, ಚಿಟಿಕೆ ಅರಿಶಿನಕ್ಕೆ ನನ್ನ ಅಡ್ಡಿಯಿಲ್ಲ. ವಾಯು ಕಟ್ಟಿಕೊಂಡಾಗ ಒಂದು ಚಮಚ ಜೀರಿಗೆಯನ್ನು ಒಂದು ಲೋಟ ನೀರಿನಲ್ಲಿ ಅರ್ಧಕ್ಕಿಳಿಸಿ ಸೋಸಿ, ಊಟದ ನಡುವಿನ ಹೊತ್ತಿನಲ್ಲಿ 30 ಮಿ.ಲೀ. ಕೊಡಬಹುದು, ಬೆಲ್ಲ ಹಾಕದೆ. ಭೇದಿಗೆ ದಾಳಿಂಬೆ ಸಿಪ್ಪೆಯ ಕಷಾಯ ಕೊಡುವ ರೂಢಿ ಇದೆ. ಅದರ ಒಗರು ಕಬ್ಬಿಣಾಂಶವನ್ನು ಹೀರಲು ಬಿಡುವುದಿಲ್ಲ, ಜಠರದ ಆಮ್ಲ ಕಳೆದುಕೊಂಡವರಿಗೆ ಕಬ್ಬಿಣ ಮೊದಲೇ ಸರಿಯಾಗಿ ಸೇರುವುದಿಲ್ಲ. ಮೆಂತ್ಯ ಕಾಳು, ಇಸಬಗೋಲು ನೀರು ಹೀರಿ ಉಬ್ಬುತ್ತವೆ. ಹೊಲಿಗೆಯ ಜಾಗ ಕಿರಿದಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳಬಹುದು. ನುಗ್ಗೆಕಾಯಿಯ ನಾರು, ಕಿತ್ತಳೆಯ ತೊಳೆಯ ಸಿಪ್ಪೆಯದೂ ಇದೇ ಕಥೆ.

ಕೀಮೋ ನಡೆಯುತ್ತಿದ್ದರೆ ನಾನು ಇನ್ನೂ ಬಿಗಿ. ಅಮೃತಬಳ್ಳಿ, ಅಶ್ವಗಂಧ, ಕರಿಮೆಣಸಿನ ಸಾರ ಸೇರಿಸಿದ ಕರ್ಕ್ಯುಮಿನ್ (ಅರಿಶಿನದ ಸಾರ) ಕ್ಯಾಪ್ಸೂಲ್ — ಮೂರರಿಂದಲೂ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ. ಯಕೃತ್ತಿನ ರಕ್ತಪರೀಕ್ಷೆ ಏರುಪೇರಾದರೆ ಕೀಮೋ ಮುಂದೂಡಬೇಕಾಗುತ್ತದೆ, ಕಾರಣ ಔಷಧವೋ ಮೂಲಿಕೆಯೋ ಎಂದು ಬಿಡಿಸಿ ಹೇಳುವುದೂ ಕಷ್ಟ. ಲಕ್ಷ್ಮಣಫಲದ ಎಲೆಯ ಕಷಾಯ ಕ್ಯಾನ್ಸರ್ ಕರಗಿಸುತ್ತದೆಂದು ನಂಬಿ ಕುಡಿಸುವವರು ಬಹಳ. ಮನುಷ್ಯರಲ್ಲಿ ಅದಕ್ಕೆ ಪುರಾವೆ ಇಲ್ಲ, ಅದರಲ್ಲಿರುವ ಅನೊನಾಸಿನ್ ನರಕೋಶಕ್ಕೆ ವಿಷ. ಪಾದರಸ, ಸೀಸ ಸೇರಿದ ಭಸ್ಮಗಳಂತೂ ಬೇಡವೇ ಬೇಡ. ಕೆಪೆಸಿಟಬಿನ್ ಎಂಬ ಕೀಮೋ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಫೋಲಿಕ್ ಆಮ್ಲದ ಮಾತ್ರೆಯನ್ನೂ ಸೇರಿಸಬಾರದು, ಅದು ಕೀಮೋದ ಅಡ್ಡಪರಿಣಾಮವನ್ನು ಹೆಚ್ಚಿಸುತ್ತದೆ. ಮನೆಯಲ್ಲಿ ಏನು ಕೊಡುತ್ತಿದ್ದೀರೋ ಅದರ ಸೀಸೆ, ಪೊಟ್ಟಣ ಎಲ್ಲ ತನ್ನಿ ಎನ್ನುತ್ತೇನೆ. ಗದರಿದರೆ ಮುಚ್ಚಿಡುತ್ತಾರೆ, ಆಗ ಅಪಾಯ ಹೆಚ್ಚು.

ಹೊಟ್ಟೆಯ ಪಕ್ಕದಲ್ಲಿ ಕರುಳಿಗೆ ಟ್ಯೂಬ್ ಇಟ್ಟು ಕಳಿಸಿದ್ದರೆ ಪ್ರತಿ ಸಲ ಆಹಾರಕ್ಕೆ ಮುಂಚೆ ಮತ್ತು ಆಮೇಲೆ 30 ಮಿ.ಲೀ. ಕುದಿಸಿ ಆರಿಸಿದ ನೀರು ಹಾಯಿಸಿ. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರವಿರಲಿ. ಈ ಟ್ಯೂಬ್ ಕಿರಿದು. ಮನೆಯಲ್ಲಿ ರುಬ್ಬಿದ ಗಂಜಿ, ಕುಟ್ಟಿದ ಮಾತ್ರೆ, ಕಷಾಯದ ಚರಟ ಕಟ್ಟಿಕೊಳ್ಳುತ್ತವೆ. ಕಟ್ಟಿದರೆ ಬೆಚ್ಚನೆಯ ನೀರನ್ನು ಸಿರಿಂಜಿನಲ್ಲಿ ಮೆಲ್ಲಗೆ ಒತ್ತಿ ಎಳೆಯಿರಿ, ಕಡ್ಡಿ ತೂರಿಸಬೇಡಿ. ಟ್ಯೂಬ್ ಕಳಚಿ ಬಂದರೆ ಗಂಟೆಗಳಲ್ಲೇ ದಾರಿ ಮುಚ್ಚಿಕೊಳ್ಳುತ್ತದೆ. ನೀವೇ ಒಳಗೆ ತೂರಿಸಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಜಠರ ಪೂರ್ತಿ ಹೋದವರಿಗೆ ವಿಟಮಿನ್ ಬಿ12 ಊಟದಿಂದ ಸೇರುವುದಿಲ್ಲ, ಅದನ್ನು ಹೀರಲು ಬೇಕಾದ ಪ್ರೋಟೀನ್ ತಯಾರಾಗುತ್ತಿದ್ದದ್ದೇ ಜಠರದಲ್ಲಿ. ಯಕೃತ್ತಿನ ದಾಸ್ತಾನು ಕೆಲವು ವರ್ಷ ನಡೆಸುವುದರಿಂದ ಚೆನ್ನಾಗಿದ್ದೇನೆಂದು ಇಂಜೆಕ್ಷನ್ ಬಿಡುತ್ತಾರೆ, ಆಮೇಲೆ ಕಾಲು ಜೋಮು ಹಿಡಿಯುತ್ತದೆ. ವೈದ್ಯರು ಬರೆದ ಅಂತರದಲ್ಲಿ ಜೀವನಪೂರ್ತಿ ಹಾಕಿಸಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಬದಲು ಸಿಟ್ರೇಟ್ ಕೇಳಿ, ಅದು ಮೈಗೆ ಸೇರಲು ಜಠರದ ಆಮ್ಲ ಬೇಕಿಲ್ಲ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಕ್ಯಾಲ್ಸಿಯಂನಿಂದ ಎರಡು ಗಂಟೆ ದೂರವಿಟ್ಟು ನಿಂಬೆರಸದ ಜೊತೆ ಕೊಡಿ. ತೂಕ ವಾರಕ್ಕೊಮ್ಮೆ ಬರೆದಿಡಿ. ವಾರಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚು ಇಳಿದರೆ, ಮಲ ಎಣ್ಣೆಯಾಗಿ ತೇಲಿದರೆ, ನಿನ್ನೆಯವರೆಗೆ ನುಂಗಲಾಗುತ್ತಿದ್ದ ಇಡ್ಲಿ ಇವತ್ತು ನುಂಗಲಾಗದಿದ್ದರೆ ಮುಂದಿನ ತಪಾಸಣೆಯ ತನಕ ಕಾಯಬೇಡಿ. ಜ್ವರ, ನಿಲ್ಲದ ವಾಂತಿ, ಹೊಟ್ಟೆ ನೋವು ಇದ್ದರೆ ಆ ದಿನವೇ ಹೋಗಿ.