ಸ್ವೀಕೃತಿ ಚೀಟಿ ಕೈಗೆ ಬರುವವರೆಗೂ ಎದ್ದು ಬರಬೇಡಿ: ಖಾತ್ರಿ ಕೆಲಸದಲ್ಲಿ ನನ್ನ ಅನುಭವ

ನಾನು ನಾಗಮಂಗಲ ತಾಲ್ಲೂಕಿನವಳು. 2022ರ ಬೇಸಿಗೆಯಲ್ಲಿ ನಮ್ಮೂರಿನ ಉದ್ಯೋಗ ಖಾತ್ರಿ ಕೆಲಸಕ್ಕೆ ಕಾಯಕ ಬಂಧು ಆಗಿದ್ದೆ. ಕೂಲಿಯವರ ಗುಂಪು ಕಟ್ಟುವುದು, ಅರ್ಜಿ ಬರೆದುಕೊಡುವುದು, ಕೆಲಸದ ಜಾಗದಲ್ಲಿ ಹಾಜರಿ ಹಾಕುವುದು ನನ್ನ ಪಾಲಿನದು.

ಮಂಡ್ಯ ಜಿಲ್ಲೆ ಅಂದರೆ ಎಲ್ಲರಿಗೂ ಕಬ್ಬು, ನಾಲೆ ನೀರು ನೆನಪಾಗುತ್ತದೆ ಅಲ್ವಾ. ಮದ್ದೂರು, ಶ್ರೀರಂಗಪಟ್ಟಣದ ಕಡೆ ಅದು ನಿಜ. ನಮ್ಮದು ಮಳೆ ನಂಬಿದ ಸೀಮೆ. ರಾಗಿ, ಹುರುಳಿ ಒಕ್ಕಣೆ ಮುಗಿದರೆ ಮುಂಗಾರಿನ ತನಕ ಕೈಗೆ ಕೆಲಸವಿಲ್ಲ, ಗಟ್ಟಿಮುಟ್ಟಾದವರು ಬೆಂಗಳೂರು ಬಸ್ಸು ಹತ್ತುತ್ತಾರೆ, ಊರಲ್ಲಿ ಉಳಿಯುವುದು ವಯಸ್ಸಾದವರು, ಗಂಡ ತೀರಿಕೊಂಡವರು, ಎಳೆ ಮಕ್ಕಳ ತಾಯಂದಿರು.

ಕೆಲಸ ಬೇಕಾಗಿದ್ದೇ ಇವರಿಗೆ. ಆದರೆ ಖಾತ್ರಿ ಕೆಲಸದ ದುಡ್ಡು ಅರ್ಜಿ ಹಾಕಿದ ಕಡೆಗೆ ಬರುತ್ತಿತ್ತು. ಆಗ ವರ್ಷಕ್ಕೆ ಒಂದು ಕುಟುಂಬಕ್ಕೆ 100 ದಿನ, ದಿನಕ್ಕೆ ₹309, ಕೂಲಿ ಪೂರ್ತಿ ಕೇಂದ್ರ ಸರ್ಕಾರದ್ದು. ಹೊಲದ ಕೂಲಿಯಲ್ಲಿ ಹೆಂಗಸರಿಗೆ ಯಾವಾಗಲೂ ಕಮ್ಮಿ. ಇಲ್ಲಿ ಗಂಡಸರಿಗೆ ಎಷ್ಟೋ ಹೆಂಗಸರಿಗೂ ಅಷ್ಟೇ. ಇದನ್ನು ಹೇಳಿದಾಗ ಕೇರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊದಲ ಸಲ ನಾನೇ ತಪ್ಪು ಮಾಡಿದೆ. ಎಲ್ಲರ ಹತ್ತಿರ ನಮೂನೆ 6, ಅಂದರೆ ಕೆಲಸ ಕೇಳುವ ಅರ್ಜಿ, ತುಂಬಿಸಿ ಪಂಚಾಯಿತಿಗೆ ಕೊಟ್ಟು ಸುಮ್ನೆ ಬಂದೆ, ಸ್ವೀಕೃತಿ ಕೇಳಲಿಲ್ಲ. ಮೂರು ವಾರ ಕಳೆದರೂ ಸುದ್ದಿಯಿಲ್ಲ. ಹೋಗಿ ಕೇಳಿದರೆ ಅರ್ಜಿಯೇ ಬಂದಿಲ್ಲ ಅಂದರು. ಎರಡನೇ ಸಲ ಹನ್ನೊಂದು ಹೆಂಗಸರು ಜೊತೆಗೆ ಬಂದರು. ತಾರೀಕು ಹಾಕಿದ ಸ್ವೀಕೃತಿ ಕೊಡುವವರೆಗೂ ಅಲ್ಲೇ ಕೂತೆವು. ಆ ತಾರೀಕಿನಿಂದ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು, ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಚೀಟಿ ಇಲ್ಲದಿದ್ದರೆ ಇದು ಯಾವುದನ್ನೂ ಕೇಳೋಕೆ ಆಗುವುದಿಲ್ಲ. ಹನ್ನೆರಡನೇ ದಿನಕ್ಕೆ ಕೆರೆ ಹೂಳೆತ್ತುವ ಕೆಲಸ ಶುರುವಾಯಿತು.

ನಮ್ಮ ಗುಂಪಿನಲ್ಲಿ ಒಬ್ಬರು ಅಮ್ಮ ಇದ್ದರು. ಗಂಡ ಇಲ್ಲ, ಮೈದುನನ ಮನೆಯ ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹಚ್ಚಿಕೊಂಡು ಇದ್ದವರು. ಖಾತ್ರಿ ಕೆಲಸಕ್ಕೆ ಕುಟುಂಬಕ್ಕೊಂದರಂತೆ ಕೊಡುವ ಜಾಬ್ ಕಾರ್ಡು ಮಾತ್ರ ಮೈದುನನ ಹೆಸರಲ್ಲಿ. 100 ದಿನ ಕಾರ್ಡಿಗೆ ತಾನೆ, ಮನೆಯವರೆಲ್ಲ ಕೆಲಸಕ್ಕೆ ಹೋದರೆ ಇವರ ಪಾಲಿಗೆ ಏನು ಉಳಿಯುತ್ತದೆ? "ನಂಗೊಬ್ಳಿಗೇ ಯಾರವ್ವ ಕಾರ್ಡ್ ಕೊಟ್ಟಾರು?" ಅಂದರು. ಒಂಟಿ ಹೆಂಗಸು ಬೇರೆ ಕುಟುಂಬ ಅಂತ ಕಾರ್ಡ್ ಕೇಳಬಹುದು. ರೇಷನ್ ಕಾರ್ಡ್ ಒಂದೇ ಇದೆ ಅಂತ ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲಕ್ಕೆ ಕಾರ್ಡ್ ಬಂತು. ಇಡೀ ವರ್ಷದಲ್ಲಿ ನನಗೆ ಅತಿ ಖುಷಿ ಕೊಟ್ಟ ಕೆಲಸ ಅದು.

ಅಂಗವಿಕಲರಿಗೂ 60 ದಾಟಿದವರಿಗೂ ನಮ್ಮ ರಾಜ್ಯದಲ್ಲಿ ದಿನಕ್ಕೆ ಮಾಡಬೇಕಾದ ಕೆಲಸದ ಅಳತೆಯಲ್ಲಿ ಅರ್ಧ ರಿಯಾಯಿತಿ ಇತ್ತು, ಕೂಲಿ ಮಾತ್ರ ಪೂರ್ತಿ. ಇದು ಗುಂಪಿನವರಿಗೇ ಗೊತ್ತಿರಲಿಲ್ಲ. ಕಾಲು ಎಳೆದುಕೊಂಡು ನಡೆಯುವ ಒಬ್ಬ ಅಣ್ಣನನ್ನು ಸೇರಿಸಿಕೊಂಡಾಗ ನಮ್ಮ ಅಳತೆ ಕಮ್ಮಿ ಬೀಳುತ್ತದೆ ಅಂತ ಗಲಾಟೆ ಆಯಿತು. ನಿಯಮ ಓದಿ ಹೇಳಿದ ಮೇಲೆ ಸುಮ್ಮನಾದರು. ಆತ ಕುಡಿಯುವ ನೀರು ನೋಡಿಕೊಂಡ. ಐದು ಎಳೆ ಮಕ್ಕಳು ಜಾಗದಲ್ಲಿದ್ದರೆ ಅವರನ್ನು ನೋಡಿಕೊಳ್ಳುವ ಹೆಂಗಸಿಗೂ ಕೂಲಿ ಉಂಟು, ಅದನ್ನೂ ಕೇಳಿ ಪಡೆದೆವು.

ಹಾಜರಿ ಮೊಬೈಲ್ ಆ್ಯಪಿನಲ್ಲಿ, ದಿನಕ್ಕೆ ಎರಡು ಸಲ ಫೋಟೋ. ನೆಟ್‌ವರ್ಕ್ ಸಿಗದೆ ದಿಬ್ಬ ಹತ್ತಿ ಇಳಿದಿದ್ದು ಎಷ್ಟು ಸಲವೋ.

ಜಾಸ್ತಿ ಕಾಡಿದ್ದು ಬ್ಯಾಂಕು. ಕೂಲಿ ಜಮಾ ಆಗಿದೆ ಅಂತ ಕಂಪ್ಯೂಟರ್ ಹೇಳುತ್ತದೆ, ಆ ಅಮ್ಮನ ಪಾಸ್‌ಬುಕ್ಕಿನಲ್ಲಿ ಇಲ್ಲ. ಆಧಾರ್ ಮೂಲಕ ಹಾಕುವ ದುಡ್ಡು, ಎಲ್ಲಕ್ಕಿಂತ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಅವರಿಗೆ ಯಾರೋ ಯಾವಾಗಲೋ ಮಾಡಿಸಿದ್ದ ಇನ್ನೊಂದು ಖಾತೆ ಇತ್ತು, ಪೇಟೆಯಲ್ಲಿ. ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಬೆರಳೊತ್ತು ಮೂರು ಸಲ ಹೊಂದಲಿಲ್ಲ, ಕೈ ತೊಳೆದು ಒರೆಸಿಕೊಂಡು ಬಂದ ಮೇಲೆ ಹೊಂದಿತು. ಹದಿನಾಲ್ಕು ದಿನದ ಕೂಲಿ, ₹4,326. ಎರಡು ಸಲ ಎಣಿಸಿ, ಸೊಂಟದ ಚೀಲದಲ್ಲಿ ಸ್ವೀಕೃತಿ ಚೀಟಿಯ ಜೊತೆಗೇ ಇಟ್ಟುಕೊಂಡರು.