ಮರಳಿನ ಶಾಖದಲ್ಲಿ ಎಳೆದ ನೌಕಾಪಡೆಯ ಮಾರುತ್

ಹನ್ನೊಂದು ಪ್ಲಾಸ್ಟಿಕ್ ಶೀಟ್ ಹಾಳಾದವು. ಹನ್ನೆರಡನೆಯದು ಅಚ್ಚಿನ ಮೇಲೆ ಚರ್ಮದ ಹಾಗೆ ಕೂತಿತು. ಆ ರಾತ್ರಿ ಹತ್ತೂವರೆ ಆಗಿತ್ತು, ಆದರೂ ಚಿತ್ರದುರ್ಗದ ಗೆಳೆಯನಿಗೆ ಫೋಟೋ ಕಳಿಸಿದೆ. "ಆಗಲ್ಲ ಬಿಡಪ್ಪಾ, ವ್ಯಾಕ್ಯೂಮ್ ಫಾರ್ಮಿಂಗ್ ಎಲ್ಲ ಮನೇಲಿ ಆಗೋ ಕೆಲಸ ಅಲ್ಲ" ಅಂತ ಒಂದು ವರ್ಷದಿಂದ ಹೇಳುತ್ತಿದ್ದವನು ಅವನೇ. ವ್ಯಾಕ್ಯೂಮ್ ಫಾರ್ಮಿಂಗ್ ಅಂದರೆ ಬಿಸಿ ಮಾಡಿದ ಶೀಟನ್ನು ಅಚ್ಚಿನ ಮೇಲೆ ಒತ್ತಿ, ಕೆಳಗಿಂದ ಗಾಳಿ ಎಳೆದು ಆಕಾರ ಕೊಡುವುದು.

ನನ್ನ ತಲೆಯಲ್ಲಿದ್ದದ್ದು ನಮ್ಮ ಎಚ್‌ಎಎಲ್‌ನ ಯುದ್ಧವಿಮಾನ ಎಚ್‌ಎಫ್‌-24 ಮಾರುತ್‌ನ ನೌಕಾಪಡೆ ರೂಪದ ಮಾಡೆಲ್, 1/72 ಅಳತೆಯಲ್ಲಿ. ಅಂಥ ವಿಮಾನ ಇರಲಿಲ್ಲ, ನನಗೂ ಗೊತ್ತು. ಆದರೆ ದಿನಾಂಕ ನೋಡಿ. ನಮ್ಮ ಮೊದಲ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್ ನೌಕಾಪಡೆ ಸೇರಿದ್ದು 1961ರ ಮಾರ್ಚ್ 4ರಂದು. ಮಾರುತ್ ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ್ದು ಅದೇ ವರ್ಷ ಜೂನ್ 17ಕ್ಕೆ. ನಡುವೆ ಮೂರೂವರೆ ತಿಂಗಳು ಅಷ್ಟೆ. ಇವೆರಡೂ ಒಂದಾಗಿದ್ದರೆ ಅನ್ನೋ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಮಾರುತ್ ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್ ಅಂದುಕೊಂಡಿದ್ದ, ಆಫ್ಟರ್‌ಬರ್ನರ್ (ಹೆಚ್ಚಿನ ನೂಕುಬಲ ಕೊಡುವ ಭಾಗ) ಇರುವ ಓರ್ಫಿಯಸ್ ಎಂಜಿನ್ ಕೊನೆಗೂ ಬರಲಿಲ್ಲ, ಅದಿಲ್ಲದ ಓರ್ಫಿಯಸ್ 703 ಹಾಕಿಕೊಂಡೇ ಹಾರಬೇಕಾಯಿತು. ನನ್ನ ಕಥೆಯಲ್ಲಿ ಆ ಎಂಜಿನ್ ಬಂದಿದೆ. ಆಗ ನೌಕಾಪಡೆ ಹಾರಿಸುತ್ತಿದ್ದ ಸೀ ಹಾಕ್ ಜೆಟ್‌ಗಿಂತ ಮೂರು ಟನ್‌ಗೂ ಜಾಸ್ತಿ ತೂಕದ ವಿಮಾನ ವಿಕ್ರಾಂತ್‌ನ ಡೆಕ್‌ನಿಂದ ಏಳಬೇಕಾದರೆ ಅಷ್ಟಾದರೂ ಬೇಕಲ್ವಾ.

ಹೊರದೇಶದಿಂದ ಕಿಟ್ ತರಿಸಿದರೆ ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ 5,000 ದಾಟುತ್ತಿತ್ತು. ಬೆಂಗಳೂರಿನಲ್ಲಿ ತ್ರೀಡಿ ಪ್ರಿಂಟ್‌ಗೆ ಕೇಳಿದೆ, ಬಾಡಿ ಒಂದಕ್ಕೇ 4,000ದ ಹತ್ತಿರ ಹೇಳಿದರು. ಹಾಗಾಗಿ ಮರದಲ್ಲೇ ಅಚ್ಚು ಕೆತ್ತಿದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ನಿಂತಿರುವ ಮಾರುತ್ ನೋಡಲು ಎರಡು ಸಲ ಹೋಗಿ ಬಂದೆ. ಒಂದಿನ್ನೂರು ಫೋಟೋ ತೆಗೆದೆ. ನಡುವೆ ಸೊಂಟ ಹಿಡಿದ ಹಾಗೆ ಸಣ್ಣಗಾಗುವ ಆ ಬಾಡಿ ಡ್ರಾಯಿಂಗ್ ನೋಡಿದರೆ ಅರ್ಥ ಆಗಲ್ಲ, ಪಕ್ಕದಲ್ಲಿ ನಿಂತೇ ನೋಡಬೇಕು.

ಮೊದಲ ಅಚ್ಚು ತೇಗದ್ದು. ನಮ್ಮ ಬೀದಿಯ ಬಡಗಿ ಉಳಿದ ತುಂಡು ಸುಮ್ನೆ ಕೊಟ್ಟರು. ಎಷ್ಟು ಉಜ್ಜಿದರೂ ತೇಗದ ಗೆರೆ ಪ್ಲಾಸ್ಟಿಕ್ ಮೇಲೆ ಅಚ್ಚೊತ್ತಿದಂತೆ ಬರುತ್ತಿತ್ತು. ಎರಡನೆಯದನ್ನು ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರದಲ್ಲಿ ಮಾಡಿದೆ. ಬೆಣ್ಣೆ ಕೆತ್ತಿದ ಹಾಗೆ ಆಯಿತು. ಮೇಲೆ ಕಾರಿಗೆ ಹಚ್ಚುವ ಪುಟ್ಟಿ ಮೂರು ಕೋಟ್. ಎಡಕ್ಕೊಂದು ಬಲಕ್ಕೊಂದು ಅರ್ಧ, ಉದ್ದ ಸುಮಾರು 22 ಸೆಂಟಿಮೀಟರ್. ಕೆತ್ತುವುದಕ್ಕೇ ಆರು ಭಾನುವಾರ ಹೋದವು.

ಗಾಳಿ ಎಳೆಯುವ ಪೆಟ್ಟಿಗೆಗೆ ಹೆಚ್ಚು ಖರ್ಚಾಗಲಿಲ್ಲ. ಕರೆಂಟ್ ಸ್ವಿಚ್ ಹಾಕುವ ಮರದ ಬಾಕ್ಸ್, ಅದರ ಹೈಲಮ್ (ಗಟ್ಟಿ ಲ್ಯಾಮಿನೇಟ್) ಮುಚ್ಚಳಕ್ಕೆ ತೂತು, ಪಕ್ಕದಲ್ಲಿ ಭಾವನ ಮನೆಯ ವ್ಯಾಕ್ಯೂಮ್ ಕ್ಲೀನರ್ ಪೈಪ್. ತೊಂದರೆ ಕೊಟ್ಟದ್ದು ಶಾಖ. ಗ್ಯಾಸ್ ಒಲೆ ಮೇಲೆ ಹಿಡಿದರೆ ನಡುವೆ ಕರಗಿ ಅಂಚು ಗಟ್ಟಿಯಾಗೇ ಉಳಿಯುತ್ತಿತ್ತು. ಹಾಟ್ ಏರ್ ಗನ್‌ನಲ್ಲಿ ಒಂದು ಮೂಲೆ ಬಿಸಿಯಾಗುವಷ್ಟರಲ್ಲಿ ಇನ್ನೊಂದು ಆರುತ್ತಿತ್ತು. ಅರ್ಧ ಮಿಲಿಮೀಟರ್ ಶೀಟ್ ಮೂಗಿನ ಹತ್ತಿರ ಹರಿದೇ ಹೋಯಿತು. ಒಂದು ಮಿಲಿಮೀಟರಿಗೆ ಬಂದೆ. ಬೋರ್ಡ್ ಮಾಡುವ ಅಂಗಡಿಯಲ್ಲಿ ಪಾಲಿಸ್ಟೈರೀನ್ ತುಂಡು ಒಂದಕ್ಕೆ 40-50 ರೂಪಾಯಿ. ಹಾಳಾದದ್ದಕ್ಕೇ ಐನೂರರ ಮೇಲೆ ಹೋಯಿತು.

ದಾರಿ ಸಿಕ್ಕಿದ್ದು ಮಗಳ ಹುಟ್ಟುಹಬ್ಬದ ದಿನ. ನಮ್ಮ ಮನೆಯವರು ದಪ್ಪ ತಳದ ಪಾತ್ರೆಗೆ ಮರಳು ಹಾಕಿ, ಮೇಲೆ ಮುಚ್ಚಿ, ಕೇಕ್ ಬೇಯಿಸುತ್ತಿದ್ದರು. ಕೇಕ್ ಎಲ್ಲ ಕಡೆ ಒಂದೇ ಸಮ ಉಬ್ಬಿತ್ತು. ನಮ್ಮ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನೋಡದವರು ಯಾರಿದ್ದಾರೆ? ಅಲ್ಲೂ ಅದೇ ಬಿಸಿ ಮರಳು. ಇಷ್ಟು ದಿನ ಕಣ್ಣೆದುರೇ ಇದ್ದದ್ದು ಹೊಳೆದಿರಲಿಲ್ಲ.

ದೊಡ್ಡ ಅಲ್ಯೂಮಿನಿಯಂ ಬೋಗುಣಿ ತಂದೆ. ಎರಡು ಬೆರಳು ಮರಳು, ಸಣ್ಣ ಉರಿ, ಇಪ್ಪತ್ತು ನಿಮಿಷ ಬರೀ ಮರಳು ಕಾಯಿಸುವುದು. ಆಮೇಲೆ ಫ್ರೇಮ್‌ಗೆ ಬಿಗಿದ ಶೀಟ್ ಮೇಲಿಟ್ಟು ಮುಚ್ಚುವುದು. ಶೀಟ್ ಮೊದಲು ಅಲೆಅಲೆ ಆಗುತ್ತದೆ, ಆಗ ಅವಸರ ಮಾಡಬೇಡಿ. ಮತ್ತೆ ಬಿಗಿಯಾಗುತ್ತದೆ. ಆಮೇಲೆ ನಡುವೆ ಒಂದೂವರೆ ಸೆಂಟಿಮೀಟರ್‌ನಷ್ಟು ಜೋತು ಬೀಳುತ್ತದೆ. ಅದೇ ಗಳಿಗೆ. ವ್ಯಾಕ್ಯೂಮ್ ಮೊದಲೇ ಓಡುತ್ತಿರಬೇಕು. ಒಂದೇ ಉಸಿರಿನಲ್ಲಿ ಅಚ್ಚಿನ ಮೇಲೆ ಒತ್ತಬೇಕು. ಮರಳಿಗೂ ಶೀಟಿಗೂ ನಡುವೆ ಎಷ್ಟು ಎತ್ತರ ಬಿಡುತ್ತೇನೆ, ಅಚ್ಚಿಗೆ ಏನು ಸವರುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹನ್ನೊಂದು ಶೀಟ್ ಕೊಟ್ಟು ಕಲಿತದ್ದು ಅದನ್ನೇ.

ಹುರುಪಿನಲ್ಲಿ ಭಟ್ಟಿಯ ಮರಳಿನಲ್ಲೇ ಒಂದು ಪ್ರಯೋಗ ಮಾಡಿದೆ. ಪರಿಚಯದವರ ಭಟ್ಟಿ, ಸಂಜೆ ಕೆಲಸ ಮುಗಿದ ಮೇಲೆ ಬಿಟ್ಟುಕೊಟ್ಟರು. ಶಾಖ ತುಂಬಾ ಜಾಸ್ತಿ. ಅರ್ಧ ನಿಮಿಷಕ್ಕೆ ಶೀಟ್ ಮರಳಿಗೆ ಬಿದ್ದು, ಕಾಳುಕಾಳು ಮರಳು ಅಂಟಿಕೊಂಡಿತು. ಆ ತುಂಡನ್ನು ಎಸೆದಿಲ್ಲ, ಮರುಭೂಮಿ ನೆಲ ಮಾಡಲು ಚೆನ್ನಾಗಿದೆ. 1971ರ ಯುದ್ಧದ ಲೊಂಗೇವಾಲಾದ ಮಾರುತ್ ಮಾಡಿದಾಗ ಅದರ ಕೆಳಗೆ ಇಡುತ್ತೇನೆ.

ಕ್ಯಾನಪಿಗೆ, ಅಂದರೆ ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳಕ್ಕೆ, ತಂಪು ಪಾನೀಯದ ಬಾಟಲಿ. ಮರದ ಅಚ್ಚನ್ನು ಒಳಗೆ ತುರುಕಿ ಹೊರಗಿಂದ ಹಾಟ್ ಏರ್ ಗನ್ ಹಿಡಿದರೆ ಪ್ಲಾಸ್ಟಿಕ್ ಕುಗ್ಗಿ ಅಚ್ಚಿಗೆ ಅಪ್ಪಿಕೊಳ್ಳುತ್ತದೆ. ಮೂರನೆಯದು ಗಾಜಿನ ಹಾಗೆ ಬಂತು. ಅಂಟಿಸುವಾಗ ಸೂಪರ್ ಗ್ಲೂ ಬಳಸಿ ಅದನ್ನು ಮಂಜು ಮಾಡಿಕೊಂಡೆ. ನಾಲ್ಕನೆಯದಕ್ಕೆ ಫೆವಿಕಾಲ್ ಸಾಕಾಯಿತು.

ಎಂಜಿನ್ ಬಾಯಿಗೆ 2 ಎಂಎಲ್ ಸಿರಿಂಜ್ ಸರಿಯಾದ ದಪ್ಪ ಅನಿಸಿತು. ಆದರೆ ಅದಕ್ಕೆ ಅಂಟೂ ಹಿಡಿಯಲ್ಲ, ಬಣ್ಣವೂ ನಿಲ್ಲಲ್ಲ. ಕೊನೆಗೆ ಸಿರಿಂಜ್‌ಗೆ ತೆಳು ಶೀಟ್ ಸುತ್ತಿ, ಬಿಸಿ ನೀರಲ್ಲಿ ಅದ್ದಿ, ಆಕಾರ ನಿಂತ ಮೇಲೆ ಸಿರಿಂಜ್ ಎಳೆದೆ. ಎರಡು ಬಾಯಿಗಳ ನಡುವೆ ಅರೆಸ್ಟರ್ ಹುಕ್, ಡೆಕ್ ಮೇಲೆ ಇಳಿಯುವಾಗ ತಂತಿಗೆ ಸಿಕ್ಕಿ ವಿಮಾನ ನಿಲ್ಲಿಸುವ ಕೊಕ್ಕೆ. ಅದು ಹೇರ್‌ಪಿನ್‌ದು.

ರೆಕ್ಕೆ ಮಡಚುವುದು ಎರಡು ದಿನದಲ್ಲಿ ಮುಗಿಯಿತು, ಹಿತ್ತಾಳೆ ತಂತಿ ಸಾಕು. ಮೂಗು ಸತಾಯಿಸಿತು. ಸೀ ಹಾಕ್ 12 ಮೀಟರ್ ಉದ್ದ, ಮಾರುತ್ ಹತ್ತಿರ ಹತ್ತಿರ 16. ವಿಮಾನವನ್ನು ಡೆಕ್‌ಗೆ ಏರಿಸುವ ಹಡಗಿನ ಲಿಫ್ಟ್ ನೆನೆಸಿಕೊಂಡರೆ ಸೀ ಹ್ಯಾರಿಯರ್ ವಿಮಾನದ ಹಾಗೆ ಮೂಗು ಪಕ್ಕಕ್ಕೆ ಮಡಚಲೇಬೇಕು ಅಂತ ನನಗನಿಸಿತು. ಮೂಗು ಮಾತ್ರ ಮಡಚಿದರೆ ಸಾಕಾಗುತ್ತಾ ಅಂತ ಮಾಡೆಲ್ ಮಾಡುವ ನಮ್ಮ ಗೆಳೆಯರಲ್ಲೇ ಇಬ್ಬರು ವಾದ ಮಾಡಿದರು. ಸಾಕಾಗದಿದ್ದರೆ ಡೆಕ್ ಮೇಲೇ ನಿಲ್ಲಲಿ ಅಂದೆ. ಸಮಸ್ಯೆ ತೂಕದ್ದು. ಬಾಲ ಕುಸಿಯಬಾರದು ಅಂತ ಹರಿಹರದಿಂದ ತಂದ ಗಾಳದ ಸೀಸ ಮೂಗಿಗೇ ತುಂಬಿದ್ದೆ, ಸುಮಾರು 15 ಗ್ರಾಂ. ಮಡಚಿದ ತಕ್ಷಣ ಹಿಂಜ್ ಕಿತ್ತು ಬಂತು, ಬಣ್ಣ ಆಗಿದ್ದ ಬಾಡಿ ಸೀಳಿತು. ಅಡುಗೆ ಸೋಡಾ, ಫೆವಿಕ್ವಿಕ್ ಹಾಕಿ ಮುಚ್ಚಿ, ಸೀಸವನ್ನು ಬಡಿದು ತಗಡು ಮಾಡಿ ಪೈಲಟ್ ಸೀಟಿನ ಕೆಳಗೂ ಅದರ ಅಕ್ಕಪಕ್ಕವೂ ತುಂಬಿದೆ. ಹಿಂದಕ್ಕೆ ಹೋದಷ್ಟೂ ಜಾಸ್ತಿ ತೂಕ ಬೇಕು, 25 ಗ್ರಾಂ ಹಿಡಿಯಿತು. ಈಗ ಮೂರು ಚಕ್ರದ ಮೇಲೂ ನಿಲ್ಲುತ್ತದೆ, ಮೂಗು ಮಡಚಿದಾಗಲೂ ನಿಲ್ಲುತ್ತದೆ.

ಬಣ್ಣ ನಮ್ಮ ಸೀ ಹಾಕ್‌ಗಳದ್ದೇ, ಮೇಲೆ ಗಾಢ ಬೂದು, ಕೆಳಗೆ ಸ್ಕೈ ಅನ್ನೋ ತಿಳಿ ಹಸಿರು ಛಾಯೆ. ಗುರುತು ಸೀ ಹಾಕ್ ಹಾರಿಸಿದ ನೌಕಾಪಡೆಯ ವಿಮಾನದಳ ಐಎನ್‌ಎಎಸ್ 300ರ ಬಿಳಿ ಹುಲಿ. ಮನೆ ಪ್ರಿಂಟರ್‌ನಲ್ಲಿ ಬಿಳಿ ಬಣ್ಣವೇ ಇಲ್ಲ. ಪಾರದರ್ಶಕ ಡಿಕ್ಯಾಲ್ (ಮಾಡೆಲ್ ಮೇಲೆ ಅಂಟಿಸುವ ಚಿತ್ರದ) ಹಾಳೆಯಲ್ಲಿ ತೆಗೆದ ಹುಲಿ ಬೂದು ಬಣ್ಣದಲ್ಲಿ ಮುಳುಗಿಹೋಯಿತು, ಕೇಸರಿ-ಬಿಳಿ-ಹಸಿರು ವೃತ್ತವೂ ಅಷ್ಟೆ. ಬಿಳಿ ಹಾಳೆಯಲ್ಲಿ ತೆಗೆದು ಅಂಚು ಕತ್ತರಿಸಿದರೆ ವೃತ್ತ ಸರಿಹೋಯಿತು. ಎಂಟು ಮಿಲಿಮೀಟರ್ ಹುಲಿಯ ಮೀಸೆ, ಬಾಲ ಕತ್ತರಿಸಲು ಯಾವ ಬ್ಲೇಡಿಗೂ ಆಗಲ್ಲ. ಅದನ್ನು ಬೇರೆ ರೀತಿ ಮಾಡಿದೆ. ಹೇಗೆ ಅಂತ ಊಹಿಸಿ ಹೇಳಿ ನೋಡೋಣ.

ಒಟ್ಟು ಖರ್ಚು 2,400ರ ಆಸುಪಾಸು, ಅದರಲ್ಲಿ ಬಣ್ಣಕ್ಕೇ 900. ಬೆಂಗಳೂರಿನ ಬಸ್ ಚಾರ್ಜ್ ಇದರಲ್ಲಿಲ್ಲ. ಶುರುವಾಗಿ ಮುಗಿಯುವಾಗ ಹದಿನಾಲ್ಕು ತಿಂಗಳು.

ಹೋದ ವಾರ ಚಿತ್ರದುರ್ಗದ ಗೆಳೆಯ ಮನೆಗೆ ಬಂದಿದ್ದ. ಮಾತಾಡದೆ ಎರಡೂ ರೆಕ್ಕೆ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಬಾಡಿಯ ಜಾಯಿಂಟ್ ಎಲ್ಲಿದೆ ಅಂತ ಉಗುರಿನಲ್ಲಿ ಹುಡುಕಿದ, ಸಿಗಲಿಲ್ಲ. ಹೊರಡುವಾಗ ಅಚ್ಚು ಒಂದು ತಿಂಗಳು ಕೊಡ್ತೀಯಾ ಅಂದ. ಅಚ್ಚು ಕೊಡಲ್ಲ, ಶೀಟ್ ತಂದರೆ ಎಳೆದು ಕೊಡ್ತೀನಿ ಅಂದೆ. ಮುಂದಿನ ಭಾನುವಾರ ನಾಲ್ಕು ಶೀಟ್ ತರುತ್ತಾನಂತೆ.