ಬೀಗ ಹಾಕಿದ ಬಾಗಿಲಿಗೆ ಹೋಗಬೇಡಿ: ಕುಡಿತ ಬಿಟ್ಟವರ ಸಭೆ ಹುಡುಕುವುದು ಹೇಗೆ?

ಕುಡಿತ ಬಿಡಬೇಕು ಅಂತ ನಮ್ಮ ಅಣ್ಣ ತಾನಾಗಿ ಬಾಯಿಬಿಟ್ಟ ದಿನ ನಾವು ಅವಸರ ಮಾಡಿದೆವು. ಕುಡಿತ ಬಿಟ್ಟವರು ಕೂತು ಮಾತಾಡುವ ಸಭೆಯೊಂದರ ವಿಳಾಸ ಮೊಬೈಲಿನಲ್ಲಿ ಸಿಕ್ಕಿತು, ಅದನ್ನು ಹಿಡಿದು ಕಲಬುರಗಿಯ ಇನ್ನೊಂದು ತುದಿಗೆ ಆಟೊದಲ್ಲಿ ಹೋದೆವು. ಬಾಗಿಲಿಗೆ ಬೀಗ. ಸಭೆ ಬೇರೆ ಕಡೆ ಹೋಗಿ ವರ್ಷವಾಗಿತ್ತಂತೆ. ಅಣ್ಣ ಆ ಬೀಗ ನೋಡಿದ, ಏನೂ ಮಾತಾಡದೆ ವಾಪಸ್ ನಡೆದ. ಅವನು ಮತ್ತೆ ಹೊರಡಲು ಏಳು ತಿಂಗಳು ಹಿಡಿಯಿತು. ಆಮೇಲೆ ಇದೇ ತಪ್ಪನ್ನು ಬೇರೆ ಮನೆಗಳಲ್ಲೂ ಕಂಡೆ.

ಮಾಡಬೇಕಾದ್ದರಲ್ಲಿ ಮೊದಲನೆಯದು ಡಾಕ್ಟರನ್ನು ಕಾಣುವುದು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಮೊದಲ 2 ದಿನದಲ್ಲೇ ಫಿಟ್ಸ್ ಬರುತ್ತದೆ. ಮೂರನೇ ದಿನದ ಹೊತ್ತಿಗೆ ಇಲ್ಲದ್ದೆಲ್ಲ ಕಾಣುವುದೂ ಉಂಟು. ಜೀವಕ್ಕೇ ಅಪಾಯ ಇದು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಸರ್ಕಾರಿ ಆಸ್ಪತ್ರೆಗಳು, ಯಾದಗಿರಿಯ ಜಿಲ್ಲಾ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿ ಮಾನಸಿಕ ಆರೋಗ್ಯದ ಡಾಕ್ಟರನ್ನು ಕೇಳಿ. ಸಭೆ ಎಲ್ಲಿ ನಡೆಯುತ್ತದೆ ಅಂತಲೂ ಅಲ್ಲೇ ವಿಚಾರಿಸಿ.

ಕುಡಿತ ಬಿಡಿಸುತ್ತದೆ ಅಂತ ಊಟದಲ್ಲಿ ಗುಟ್ಟಾಗಿ ಬೆರೆಸುವ ಹನಿ, ಪುಡಿಗಳನ್ನು ದಯವಿಟ್ಟು ಕೊಳ್ಳಬೇಡಿ. ಅದರಲ್ಲಿ ಡೈಸಲ್ಫಿರಾಮ್ ಅನ್ನುವ, ಕುಡಿತ ಬಿಡಿಸಲು ಕೊಡುವ ಔಷಧಿ ಇದ್ದು, ಗೊತ್ತಿಲ್ಲದೆ ಮೇಲೆ ಶೆರೆ ಕುಡಿದರೆ ವಾಂತಿಯಾಗಿ ಬಿಪಿ ಇಳಿದು ಜೀವವೇ ಹೋಗಬಹುದು. ಆ ಮಾತ್ರೆ ಡಾಕ್ಟರು ಹೇಳಿ, ರೋಗಿ ಒಪ್ಪಿ ತೆಗೆದುಕೊಳ್ಳುವಂಥದ್ದು.

ಎರಡನೆಯದು ಸಭೆ ಹುಡುಕುವುದು. ಇಂಥ ಸಭೆ ನಡೆಸುವ ಗುಂಪುಗಳಲ್ಲಿ ದೊಡ್ಡದು ಆಲ್ಕೋಹಾಲಿಕ್ಸ್ ಅನಾನಿಮಸ್. ಎಲ್ಲರೂ ಎಎ ಅನ್ನುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು. ಫೀಸ್ ಇಲ್ಲ, ಅರ್ಜಿ ಇಲ್ಲ. ಕುಡಿತ ನಿಲ್ಲಿಸುವ ಆಸೆ ಒಂದಿದ್ದರೆ ಸಾಕು. ಎಎ ಇಂಡಿಯಾದ ವೆಬ್‌ಸೈಟ್ ನೋಡಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದವರದ್ದು ನವಜೀವನ ಸಮಿತಿ. ನಿಮ್ಮ ಕಡೆ ಅದು ಇದೆಯಾ ಅಂತ ಯೋಜನೆಯ ಕಚೇರಿಯಲ್ಲಿ ಕೇಳಿ. ಏನೂ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446.

ಸುಮ್ನೆ ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮೊದಲು ಕಾಣುವುದು ಖಾಸಗಿ ಕೇಂದ್ರಗಳ ಜಾಹೀರಾತು. ನಮಗೂ ಒಂದು ಕಡೆಯಿಂದ, ಏನಾಗಿದೆ ಅಂತ ಕೇಳುವ ಮೊದಲೇ, ಮುಂಗಡ ಕೇಳಿದರು. ಸಭೆ ಅಂದರೆ ಅದಲ್ಲ. ಸಭೆಗೆ ಬರಲು ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ.

ಮೂರನೆಯದು ಫೋನ್. ಜನ ಎಡವುವುದು ಇಲ್ಲೇ. ವಿಳಾಸ ಸಿಕ್ಕಿತು, ಇನ್ನೇನು ಅಂತ ಹೊರಟೇಬಿಡುತ್ತಾರೆ. ಹಾಗೆ ಹೋಗಬೇಡಿ, ಮೊದಲು ಆ ಗುಂಪಿನವರಿಗೆ ಫೋನ್ ಮಾಡಿ. ಸಾಧ್ಯವಾದರೆ ಕುಡಿಯುವವರೇ ಮಾತಾಡಲಿ. ಆ ಕಡೆ ಫೋನ್ ಎತ್ತುವವರೂ ಒಂದು ಕಾಲಕ್ಕೆ ಕುಡಿದವರೇ, ತೊದಲಿದರೂ ಅವರಿಗೆ ತಿಳಿಯುತ್ತದೆ. ಹೆಂಡತಿಯೋ ತಮ್ಮನೋ ಎಲ್ಲ ಗೊತ್ತು ಮಾಡಿ ಎಳೆದುಕೊಂಡು ಹೋದರೆ ಅವರು ಕುರ್ಚಿಯಲ್ಲಿ ಕೂರುತ್ತಾರೆ, ಮನಸ್ಸು ಹೊರಗೇ ಇರುತ್ತದೆ.

ಕಳೆದ ವಾರ ಸಭೆ ನಡೆಯಿತಾ, ನೀವು ಹೋಗಿದ್ದಿರಾ ಅಂತ ಮೊದಲು ಕೇಳಿ. “ನಡೀತಿರಬೇಕು” ಅಂದರೆ ಹೋದವರ ನಂಬರ್ ಪಡೆಯಿರಿ. ಯಾವ ಗೇಟು, ಯಾವ ಕೋಣೆ ಅಂತ ಬಿಡಿಸಿ ಕೇಳಿ. ಸಭೆ ಶಾಲೆಯಲ್ಲೋ ಚರ್ಚಿನ ಹಾಲ್‌ನಲ್ಲೋ ಇರಬಹುದು. ಸದಸ್ಯರ ಹೆಸರು ಹೊರಗೆ ಬರಬಾರದು ಅನ್ನುವ ಗುಂಪು ದೊಡ್ಡ ಬೋರ್ಡ್ ಹಾಕದೇ ಇರಬಹುದು. ವಾಚ್‌ಮನ್‌ಗೂ ಗೊತ್ತಿರಲಿಕ್ಕಿಲ್ಲ. ಚರ್ಚು ಅಂದ ಕೂಡಲೇ ಹಿಂಜರಿಯಬೇಡಿ, ಅದು ಬರೀ ಜಾಗ. ಎಎ ಯಾವ ಧರ್ಮಕ್ಕೂ ಪಕ್ಷಕ್ಕೂ ಸೇರಿದ್ದಲ್ಲ. ನಮ್ಮ ಕಡೆ ಕನ್ನಡ, ದಖನಿ, ತೆಲುಗು, ಮರಾಠಿ ಎಲ್ಲ ಕಲೆತಿವೆ ಅಲ್ವಾ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಅಂತಲೂ ಕೇಳಿ. ಮನೆಯವರು ಜೊತೆಗೆ ಹೋಗುವುದಾದರೆ ಅದು ಓಪನ್ ಸಭೆಯಾ ಅಂತ ಕೇಳಲೇಬೇಕು. ಕ್ಲೋಸ್ಡ್ ಸಭೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪಿದೆ.

ಕೊನೆಗೆ ಕೇಳಲೇಬೇಕಾದ ಮಾತು: “ಗೇಟಿನ ಹತ್ತಿರ ಯಾರಾದರೂ ನಿಲ್ಲುತ್ತೀರಾ?” ಎರಡನೇ ಸಲ ನಾವು ಹೋದಾಗ ಒಬ್ಬರು ಹೆಲ್ಮೆಟ್ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. “ಬರ್ರಿ, ಚಾ ಆರ್ತದ” ಅಂದರು. ಅಣ್ಣ ಅವರ ಹಿಂದೆ ಒಳಗೆ ಹೋದ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಹೋಗುವ ದಿನ ಮಧ್ಯಾಹ್ನ ಇನ್ನೊಮ್ಮೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಒಳಗೆ ಕಷ್ಟ ಏನಿಲ್ಲ. ಬರೀ ಹೆಸರು ಹೇಳಿದರೆ ಸಾಕು, ಮನೆತನದ ಹೆಸರು ಬೇಡ. ಮಾತಾಡದೆಯೂ ಕೂರಬಹುದು. ಖರ್ಚಿಗೆ ಅಂತ ವಂತಿಗೆ ಎತ್ತಿದರೆ ಹೊಸಬರು ಹಾಕಬೇಕೆಂದಿಲ್ಲ.

ಒಂದೇ ಸಭೆ ನೋಡಿ “ನಮಗಲ್ಲ ಇದು” ಅನ್ನಬೇಡಿ. ಕಡಿಮೆಯೆಂದರೆ 6 ಸಭೆಗೆ ಹೋಗಿ. ಚಿಂಚೋಳಿ, ಔರಾದ, ಸುರಪುರದ ಕಡೆಯವರು ವಾಪಸ್ ಬಸ್ ಎಷ್ಟಕ್ಕಿದೆ ಅಂತ ನೋಡಿಕೊಂಡು ಸಭೆ ಆರಿಸಿ. ಬಸ್ ತಪ್ಪಿ ಸ್ಟ್ಯಾಂಡಿನಲ್ಲಿ ಒಬ್ಬರೇ ಉಳಿಯುವ ರಾತ್ರಿ ಒಳ್ಳೆಯದಲ್ಲ. ಹೋಗಲಾಗದ ವಾರ ಆನ್‌ಲೈನ್ ಸಭೆಗೆ ಕೂರಬಹುದು.

ಸಭೆಯಿಂದ ಹೊರಡುವ ಮೊದಲು ಅಲ್ಲಿನ ಇಬ್ಬರ ನಂಬರ್ ಬರೆದುಕೊಳ್ಳಿ. ಒಬ್ಬರು ಎತ್ತದಿದ್ದರೆ ಇನ್ನೊಬ್ಬರು ಬೇಕು. ನಮ್ಮ ಅಣ್ಣನಿಗೆ ಸಂಜೆ ಏಳರ ಹೊತ್ತು ಕಷ್ಟ. ಆ ಹೊತ್ತಿಗೆ ಅವನು ಈಗಲೂ ಹೆಲ್ಮೆಟ್ಟಿನವರಿಗೆ ಫೋನ್ ಮಾಡುತ್ತಾನೆ.